31ನೇ ಸಿಗ್ನಲ್ ರೆಜಿಮೆಂಟು ಎಲ್ಲಿ ಹೋಯಿತು?

ಪ್ರಶ್ನೆ: ಲಂಡನ್ನಿನ ನೈಋತ್ಯ ಭಾಗದಲ್ಲಿ ನೆಲೆಸಿರುವ ಕನ್ನಡಿಗ ನಾನು. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಎರಡು ವಸ್ತು ಕೊಂಡೆ. ಒಂದು, ಗುರಾಣಿಯ ಆಕಾರದ ಮರದ ಫಲಕ. ಅದರಲ್ಲಿ ಒಂಟಿ ಕಾಲಲ್ಲಿ ನಿಂತ, ಹಿಮ್ಮಡಿಗೆ ರೆಕ್ಕೆಯಿರುವ ಮನುಷ್ಯನ ಚಿತ್ರವಿದೆ, ಕೆಳಗೆ '31 (ಸಿಟಿ ಆಫ್ ಲಂಡನ್) ಸಿಗ್ನಲ್ ರೆಜಿಮೆಂಟ್ (ವಿ)' ಎಂಬ ಬರಹ. ಇನ್ನೊಂದು, ಪಿಆರ್‌ಸಿ 320 ಎಂದು ಬರೆದ ಹಸಿರು ರೇಡಿಯೊ. 'ಅದು ಪಾರ್ಟ್‌ಟೈಮ್ ಸೈನಿಕರ ರೆಜಿಮೆಂಟು, ಮುಚ್ಚಿಹೋಯಿತು' ಅಂದ ಮಾರಿದವನು. ಹುಡುಕಿದರೆ ಎರಡು ಸಾಲಿಗಿಂತ ಹೆಚ್ಚು ಸಿಗುತ್ತಿಲ್ಲ. ಅದು ಏನು ಮಾಡುತ್ತಿತ್ತು, ಯಾಕೆ ಮುಚ್ಚಿದರು, ಪೂರ್ತಿ ಚರಿತ್ರೆ ಎಲ್ಲಿ ಸಿಗುತ್ತದೆ? ರೇಡಿಯೊ ಆನ್ ಮಾಡಬಹುದೇ?

ಉತ್ತರ: ನಿಮಗೆ ಎರಡೇ ಸಾಲು ಸಿಕ್ಕಿದ್ದಕ್ಕೆ ಕಾರಣವಿದೆ. ನೀವು 31 ಎಂಬ ಸಂಖ್ಯೆಯನ್ನು ಹಿಡಿದು ಹುಡುಕಿದ್ದೀರಿ. ಬ್ರಿಟನ್ನಿನ ಮೀಸಲು ಪಡೆಗಳಲ್ಲಿ ರೆಜಿಮೆಂಟಿನ ಸಂಖ್ಯೆ ಮನೆಯ ಮೇಲಿನ ನಂಬರ್ ಪ್ಲೇಟ್ ಇದ್ದ ಹಾಗೆ, ಪಾಲಿಕೆ ಬದಲಾಯಿಸಿದಾಗ ಬದಲಾಗುತ್ತದೆ. ವಂಶಾವಳಿ ಇರುವುದು ಒಳಗಿನ ಸ್ಕ್ವಾಡ್ರನ್ನುಗಳಲ್ಲಿ, ಅಂದರೆ ರೆಜಿಮೆಂಟಿನ ಉಪತುಕಡಿಗಳಲ್ಲಿ. ಈ ರೆಜಿಮೆಂಟು ಬದುಕಿದ್ದು ಸುಮಾರು ನಲವತ್ತಮೂರು ವರ್ಷ, 1967ರಿಂದ 2010ರ ಹೊತ್ತಿನವರೆಗೆ. ಅದರೊಳಗಿದ್ದ ಒಂದು ಸ್ಕ್ವಾಡ್ರನ್ನಿನ ಬೇರು 1797ಕ್ಕೆ ಹೋಗುತ್ತದೆ. ಆದ್ದರಿಂದ 31 ಬಿಡಿ. ಅದರ ಸ್ಕ್ವಾಡ್ರನ್ನುಗಳ ಸಂಖ್ಯೆಗಳಾದ 41, 47, 83 ಹಿಡಿದು ಹುಡುಕಿ.

ಮೊದಲು ಫಲಕವನ್ನೇ ಓದೋಣ, ಅದರಲ್ಲೇ ಅರ್ಧ ಉತ್ತರವಿದೆ. ರೆಕ್ಕೆಯ ಮನುಷ್ಯ ರೋಮನ್ನರ ದೂತದೇವತೆ ಮರ್ಕ್ಯುರಿ. ಬ್ರಿಟಿಷ್ ಸೇನೆಯ ಸಂಪರ್ಕ ದಳವಾದ ರಾಯಲ್ ಸಿಗ್ನಲ್ಸ್‌ನವರು ಅವನನ್ನು ಪ್ರೀತಿಯಿಂದ 'ಜಿಮ್ಮಿ' ಅನ್ನುತ್ತಾರೆ. ಭಾರತದ ಸಿಗ್ನಲ್ಸ್ ದಳದ ಲಾಂಛನದಲ್ಲೂ ಇದೇ ಮರ್ಕ್ಯುರಿ ಇದ್ದಾನೆ, ನಮ್ಮವರ ಘೋಷವಾಕ್ಯ 'ತೀವ್ರ ಚೌಕಸ್'. ಬ್ರಿಟಿಷರದು 'ಸರ್ಟಾ ಕಿಟೋ', ಅಂದರೆ ಖಚಿತವಾಗಿ, ಬೇಗನೆ. ಕೊನೆಯಲ್ಲಿರುವ (ವಿ) ಅಕ್ಷರ ವಾಲಂಟಿಯರ್ಸ್, ಅಂದರೆ ಸ್ವಯಂಸೇವಕರು. ಬೇರೆ ಉದ್ಯೋಗದಲ್ಲಿದ್ದುಕೊಂಡು ವಾರಕ್ಕೊಂದು ಸಂಜೆ, ತಿಂಗಳಿಗೊಂದೆರಡು ವಾರಾಂತ್ಯ, ವರ್ಷಕ್ಕೆ ಹದಿನೈದು ದಿನದ ಕ್ಯಾಂಪು ಮಾಡುವವರು. ಅವರಿಗೆ ವರ್ಷಕ್ಕೆ ಸಾಮಾನ್ಯವಾಗಿ 27 ದಿನದ ತರಬೇತಿಯ ಬಾಧ್ಯತೆ. ಅದನ್ನು ಪೂರೈಸಿ ಪರೀಕ್ಷೆಗಳಲ್ಲಿ ಪಾಸಾದರೆ ವರ್ಷದ ಕೊನೆಯಲ್ಲಿ ತೆರಿಗೆಯಿಲ್ಲದ 'ಬೌಂಟಿ' ಹಣ.

ಇನ್ನು ಅಸಲಿಯೋ ನಕಲಿಯೋ ನೋಡುವ ಬಗೆ. ಮರ್ಕ್ಯುರಿಯ ತಲೆಯ ಮೇಲಿನ ಕಿರೀಟವನ್ನು ಭೂತಗನ್ನಡಿಯಲ್ಲಿ ನೋಡಿ. ಕಿರೀಟದ ಕಮಾನುಗಳು ನಡುವೆ ಒಳಕ್ಕೆ ತಗ್ಗಿದ್ದರೆ ಅದು ಎರಡನೇ ಎಲಿಜಬೆತ್ ಕಾಲದ್ದು. ಗುಮ್ಮಟದ ಹಾಗೆ ಮೇಲಕ್ಕೆ ಉಬ್ಬಿದ್ದರೆ ಅದು ಟ್ಯೂಡರ್ ಕಿರೀಟ. ಅದು ಬಳಕೆಯಲ್ಲಿದ್ದದ್ದು ಎಲಿಜಬೆತ್‌ಗೆ ಹಿಂದಿನ ರಾಜರ ಕಾಲದಲ್ಲಿ, ಮತ್ತೆ ಈಗ ಚಾರ್ಲ್ಸ್ ರಾಜನಾದ ಮೇಲೆ. ಈ ರೆಜಿಮೆಂಟು ಹುಟ್ಟಿದ್ದೂ ಮುಗಿದದ್ದೂ ಎಲಿಜಬೆತ್ ಆಳ್ವಿಕೆಯಲ್ಲೇ ಆದ್ದರಿಂದ ಉಬ್ಬಿದ ಕಿರೀಟವಿದ್ದರೆ ನಿಮ್ಮ ಫಲಕ ಆಮೇಲೆ ಯಾರೋ ಮಾಡಿದ್ದು. ಇನ್ನೊಂದು ಗುರುತು: ಶುರುವಿನಲ್ಲಿ ಇದರ ಹೆಸರು 31 (ಗ್ರೇಟರ್ ಲಂಡನ್), 'ಸಿಟಿ ಆಫ್ ಲಂಡನ್' ಎಂಬುದು ನಂತರದ್ದು. ನಿಮ್ಮದರಲ್ಲಿ ಸಿಟಿ ಆಫ್ ಲಂಡನ್ ಇರುವುದರಿಂದ ಅದು ತೀರಾ ಆರಂಭದ ವರ್ಷಗಳದ್ದಲ್ಲ.

ಈಗ ವಂಶಾವಳಿ.

47 (ಮಿಡ್ಲ್‌ಸೆಕ್ಸ್ ಯೋಮನ್ರಿ) ಸ್ಕ್ವಾಡ್ರನ್ ಎಲ್ಲಕ್ಕಿಂತ ಹಳೆಯದು. ಯೋಮನ್ರಿ ಅಂದರೆ ಸ್ವಂತ ಕುದುರೆ ಇಟ್ಟುಕೊಳ್ಳಬಲ್ಲ ಜಮೀನುದಾರ ರೈತರ, ಊರ ಅನುಕೂಲಸ್ಥರ ಸ್ವಯಂಸೇವಕ ಅಶ್ವದಳ. ಮಿಡ್ಲ್‌ಸೆಕ್ಸ್‌ನದು 1797ರಲ್ಲಿ, ಫ್ರಾನ್ಸ್ ದಾಳಿ ಮಾಡಬಹುದೆಂಬ ಭಯದಲ್ಲಿ, ಅಕ್ಸ್‌ಬ್ರಿಜ್‌ನಲ್ಲಿ ಹುಟ್ಟಿತು. ನಡುವೆ ವಿಸರ್ಜನೆಯಾಗಿ 1830ರಲ್ಲಿ ಮತ್ತೆ ಎದ್ದಿತು. ವಿಸರ್ಜನೆ ಎಂಬುದು ಈ ಪಡೆಗಳಿಗೆ ಹೊಸದಲ್ಲ, ಇದನ್ನು ಮುಂದಕ್ಕೂ ನೆನಪಿಟ್ಟುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಇವರು ಕುದುರೆ ಬಿಟ್ಟು ಕಾಲಾಳುಗಳಾಗಿ 1915ರ ಆಗಸ್ಟ್ 21ರಂದು ಗಲಿಪೊಲಿಯ ಸಿಮಿಟರ್ ಗುಡ್ಡದ ದಾಳಿಯಲ್ಲಿದ್ದರು. ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರಿನಲ್ಲಿ 11ನೇ ಕ್ಯಾವಲ್ರಿ ಬ್ರಿಗೇಡಿನಲ್ಲಿ 29ನೇ ಲ್ಯಾನ್ಸರ್ಸ್, 36ನೇ ಜೇಕಬ್ಸ್ ಹಾರ್ಸ್ ಎಂಬ ಎರಡು ಭಾರತೀಯ ರೆಜಿಮೆಂಟುಗಳ ಜತೆ ಸೇರಿದ್ದರು. ಅಲ್ಲಿನ ಅಶ್ವಸೇನೆಯ ಬಹುಪಾಲು ಡೆಸರ್ಟ್ ಮೌಂಟೆಡ್ ಕೋರ್ ಎಂಬ ಒಂದೇ ಹೆಸರಿನಡಿ, ಜನರಲ್ ಶೋವೆಲ್ ಕೈಕೆಳಗಿತ್ತು. ಅದೇ ಕೋರ್‌ನ ಇನ್ನೊಂದು ಡಿವಿಜನ್ನಿನ ಜತೆಗಿದ್ದದ್ದು ಮೈಸೂರು ಲ್ಯಾನ್ಸರ್ಸ್. ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರು ಜೋಧಪುರದವರ ಜತೆ ನಮ್ಮ ಮೈಸೂರಿನವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವ. ನಿಮ್ಮ ಫಲಕದ ರೆಜಿಮೆಂಟಿನ ಹಿರೀಕರೂ ಜೆ.ಸಿ. ನಗರದ ಕಲ್ಲಿನ ಮೇಲೆ ಹೆಸರಿರುವವರೂ ಒಂದೇ ವಾರದಲ್ಲಿ, ಒಂದೇ ಕೋರ್‌ನಲ್ಲಿ ಕುದುರೆ ಓಡಿಸಿದವರು.

ಯುದ್ಧ ಮುಗಿದ ಮೇಲೆ ಇಷ್ಟು ಅಶ್ವದಳ ಯಾಕೆಂಬ ಪ್ರಶ್ನೆ ಬಂತು. ಯೋಮನ್ರಿಗಳಲ್ಲಿ ಅತಿ ಹಿರಿಯ ಹದಿನಾಲ್ಕಕ್ಕೆ ಮಾತ್ರ ಕುದುರೆ ಉಳಿಯಿತು, ಮಿಕ್ಕವುಗಳಲ್ಲಿ ಹೆಚ್ಚಿನವು ಫಿರಂಗಿ ದಳಗಳಾದವು. ಮಿಡ್ಲ್‌ಸೆಕ್ಸ್‌ನವರು ಹೊಸ ದಾರಿ ಹಿಡಿದರು. 1920ರ ಜೂನ್ 28ರಂದು ರಾಜಾಜ್ಞೆಯ ಮೂಲಕ ಸಿಗ್ನಲ್ಸ್ ದಳ ಆಗಷ್ಟೇ ಎಂಜಿನಿಯರುಗಳಿಂದ ಬೇರೆಯಾಗಿ ಹುಟ್ಟಿತ್ತು. ಇವರು ಅದರಲ್ಲಿ '2ನೇ ಕ್ಯಾವಲ್ರಿ ಡಿವಿಜನಲ್ ಸಿಗ್ನಲ್ಸ್' ಆದರು, ಮಿಡ್ಲ್‌ಸೆಕ್ಸ್ ಯೋಮನ್ರಿ ಎಂಬ ಹೆಸರನ್ನು ಬಿಡಲಿಲ್ಲ. ಎರಡನೇ ಯುದ್ಧದಲ್ಲಿ 1ನೇ ಕ್ಯಾವಲ್ರಿ ಡಿವಿಜನ್ ಪ್ಯಾಲೆಸ್ಟೈನಿಗೆ ಹೋದಾಗ ಅದರ ಸಂಪರ್ಕದ ಹೊಣೆ ಇವರದೇ.

41 (ಪ್ರಿನ್ಸೆಸ್ ಲೂಯಿಸ್ ಕೆನ್ಸಿಂಗ್‌ಟನ್) ಸ್ಕ್ವಾಡ್ರನ್ನಿನ ಕಥೆಯೇ ಬೇರೆ, ಈ ಮೂರರಲ್ಲಿ ನಿಜವಾಗಿ ಮೈ ಜುಮ್ಮೆನ್ನಿಸುವುದು ಇದು. ಕೆನ್ಸಿಂಗ್‌ಟನ್ನಿನವರು ಮೂಲತಃ ಕಾಲಾಳುಗಳು, 13ನೇ ಲಂಡನ್ ಬೆಟಾಲಿಯನ್. ಎರಡನೇ ಯುದ್ಧದಲ್ಲಿ ಭಾರೀ ಮೆಷಿನ್‌ಗನ್ ಮತ್ತು ಮಾರ್ಟರ್ ಪಡೆಯಾಗಿ ಒಂದು ಬೆಟಾಲಿಯನ್ ಇಟಲಿಯಲ್ಲಿ 78ನೇ ಡಿವಿಜನ್ ಜತೆ, ಇನ್ನೊಂದು ವಾಯವ್ಯ ಯುರೋಪಿನಲ್ಲಿ 49ನೇ ಡಿವಿಜನ್ ಜತೆ ಹೋರಾಡಿತು. ಇವರಿಗೂ ರೇಡಿಯೊಗೂ ಏನು ಸಂಬಂಧ? ಉತ್ತರ 'ಫ್ಯಾಂಟಮ್'.

1939-40ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ ಬ್ರಿಟಿಷರಿಗೆ ಒಂದು ತಲೆನೋವಿತ್ತು. ವಿಮಾನದಿಂದ ಬಾಂಬು ಹಾಕಬೇಕಾದರೆ ನಮ್ಮ ಸೈನಿಕರು ಇವತ್ತು, ಈ ಹೊತ್ತಿಗೆ, ಯಾವ ಗೆರೆಯ ವರೆಗೆ ಇದ್ದಾರೆ ಅನ್ನುವುದು ಗೊತ್ತಿರಬೇಕು. ಕಂಪನಿಯಿಂದ ಬೆಟಾಲಿಯನ್ನು, ಅಲ್ಲಿಂದ ಬ್ರಿಗೇಡು, ಡಿವಿಜನ್ನು, ಕೋರ್ ಅಂತ ಮೆಟ್ಟಿಲು ಹತ್ತಿ ಆ ಸುದ್ದಿ ಮುಖ್ಯ ಕಚೇರಿಗೆ ಬರುವಷ್ಟರಲ್ಲಿ ಗಂಟೆಗಳು ಕಳೆದು ಗೆರೆಯೇ ಬದಲಾಗಿರುತ್ತಿತ್ತು. ಕರ್ನಲ್ ಹಾಪ್ಕಿನ್ಸನ್ ಕಟ್ಟಿದ ಸಣ್ಣ ತಂಡ ಮೆಟ್ಟಿಲುಗಳನ್ನೇ ತೆಗೆದುಹಾಕಿತು. ಒಬ್ಬ ಅಧಿಕಾರಿ, ಕೆಲವೇ ಸೈನಿಕರು, ಒಂದು ಸಣ್ಣ ಗಾಡಿ, ಒಂದು ರೇಡಿಯೊ, ಇಷ್ಟೇ ಗಸ್ತು. ಮುಂಚೂಣಿಗೆ ಹೋಗಿ ಕಣ್ಣಾರೆ ನೋಡುವುದು, ಸಂಕೇತಭಾಷೆಗೆ ಇಳಿಸುವುದು, ನೇರವಾಗಿ ಸೇನಾ ಮುಖ್ಯ ಕಚೇರಿಗೆ ಕಳಿಸುವುದು. 1941ರಲ್ಲಿ ಇದಕ್ಕೆ ಜಿಎಚ್‌ಕ್ಯೂ ಲಿಯೇಸಾನ್ ರೆಜಿಮೆಂಟ್ ಎಂಬ ಅಧಿಕೃತ ಹೆಸರು ಬಂತು. ತೋಳಿನ ಮೇಲೆ ಕಪ್ಪು ಚೌಕದಲ್ಲಿ ಬಿಳಿ 'ಪಿ' ಅಕ್ಷರ. ಅದರ ನೆಲೆ ನಿಮ್ಮ ಮನೆಗೆ ದೂರವಿಲ್ಲದ ರಿಚ್ಮಂಡ್, ಅಧಿಕಾರಿಗಳು ರಿಚ್ಮಂಡ್ ಪಾರ್ಕಿನ ಪೆಂಬ್ರೋಕ್ ಲಾಡ್ಜ್‌ನಲ್ಲಿದ್ದರು. ಇವತ್ತು ಅಲ್ಲಿ ಕುಳಿತು ಚಹಾ ಕುಡಿಯಬಹುದು. ನಟ ಡೇವಿಡ್ ನಿವೆನ್ ಇದರ ಒಂದು ಸ್ಕ್ವಾಡ್ರನ್ನಿನ ನಾಯಕನಾಗಿದ್ದ. ರೇಡಿಯೊ ಕೈಕೊಟ್ಟರೆ ಇರಲಿ ಅಂತ ಪಾರಿವಾಳಗಳನ್ನೂ ಸಾಕಿದ್ದರು. 1944ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನ ಆರ್ನೆಮ್‌ನಲ್ಲಿ ಪ್ಯಾರಾಟ್ರೂಪರುಗಳ ಬಹುತೇಕ ಸೆಟ್ಟುಗಳು ಮೂಕವಾದಾಗ ಹೊರಲೋಕದ ಜತೆ ಮಾತಾಡಿದ ಕೆಲವೇ ದಾರಿಗಳಲ್ಲಿ ಫ್ಯಾಂಟಮ್ ಗಸ್ತಿನ ಸೆಟ್ಟು ಒಂದು.

1945ರಲ್ಲಿ ಫ್ಯಾಂಟಮ್ ವಿಸರ್ಜನೆಯಾಯಿತು. ಆ ಕೌಶಲ ಪೂರಾ ನಂದಿಹೋಗಬಾರದೆಂದು 1947ರಲ್ಲಿ ಅದನ್ನು ಮೀಸಲು ಪಡೆಗೆ ತಂದು ಕೆನ್ಸಿಂಗ್‌ಟನ್ನಿನವರ ಹೆಗಲಿಗೆ ಹಾಕಿದರು. 'ಆರ್ಮಿ ಫ್ಯಾಂಟಮ್ ಸಿಗ್ನಲ್ ರೆಜಿಮೆಂಟ್ (ಪ್ರಿನ್ಸೆಸ್ ಲೂಯಿಸ್ ಕೆನ್ಸಿಂಗ್‌ಟನ್ ರೆಜಿಮೆಂಟ್)' ಎಂಬ ಉದ್ದನೆ ಹೆಸರು ಹುಟ್ಟಿದ್ದು ಹೀಗೆ. ಮುಂದೆ ಸಿಗ್ನಲ್ಸ್ ದಳದಲ್ಲಿ ಎಲ್ಲರಿಗೂ ಸಂಖ್ಯೆ ಕೊಟ್ಟಾಗ ಅದು 41ನೇ ಸಿಗ್ನಲ್ ರೆಜಿಮೆಂಟಾಯಿತು, ಮಿಡ್ಲ್‌ಸೆಕ್ಸ್‌ನವರು 47 ಆದರು. ಸ್ಕ್ವಾಡ್ರನ್ ಸಂಖ್ಯೆಗಳು ಬಂದದ್ದು ಇಲ್ಲಿಂದ. 83 (ಲಂಡನ್) ಸ್ಕ್ವಾಡ್ರನ್ ಲಂಡನ್ನಿನದೇ ಸಿಗ್ನಲ್ಸ್ ಸಂಪ್ರದಾಯದ್ದು, ಅದಕ್ಕೆ ಇಂಥ ಕುದುರೆ-ಫ್ಯಾಂಟಮ್ ಕಥೆಯಿಲ್ಲ.

1967ರ ಏಪ್ರಿಲ್ 1ರಂದು ಎಲ್ಲ ಬದಲಾಯಿತು. ಡೆನಿಸ್ ಹೀಲಿ ರಕ್ಷಣಾ ಮಂತ್ರಿಯಾಗಿದ್ದಾಗ ಟೆರಿಟೋರಿಯಲ್ ಆರ್ಮಿಯನ್ನು, ಅಂದರೆ ಈ ಸ್ವಯಂಸೇವಕರ ಮೀಸಲು ಸೇನೆಯನ್ನು, ಹೆಚ್ಚುಕಡಿಮೆ ಅರ್ಧಕ್ಕಿಳಿಸಿದರು. ರೆಜಿಮೆಂಟಾಗಿದ್ದ 41, 47 ಒಂದೊಂದು ಸ್ಕ್ವಾಡ್ರನ್ನಾಗಿ ಕುಗ್ಗಿ, ಮೂರೂ ಸೇರಿ 31ನೇ ರೆಜಿಮೆಂಟು ಹುಟ್ಟಿತು. ಕೊನೆಯ ವರ್ಷಗಳಲ್ಲಿ 41 ಕೂಲ್ಸ್‌ಡನ್‌ನಲ್ಲಿ, 47 ಅಕ್ಸ್‌ಬ್ರಿಜ್‌ನಲ್ಲಿ, 83 ಸೌತ್‌ಫೀಲ್ಡ್ಸ್‌ನಲ್ಲಿ ಇದ್ದವು.

ಇವರ ಕೆಲಸವೇನೆಂಬುದು ನಿಮ್ಮ ಮೊದಲ ಪ್ರಶ್ನೆ. 31ನೇ ರೆಜಿಮೆಂಟು ಕೊನೆಯಲ್ಲಿ 2ನೇ (ನ್ಯಾಷನಲ್ ಕಮ್ಯುನಿಕೇಷನ್ಸ್) ಸಿಗ್ನಲ್ ಬ್ರಿಗೇಡಿನಲ್ಲಿತ್ತು. ಅಂದರೆ ದೇಶದೊಳಗಿನ ಸಂಪರ್ಕ. ಟೆಲಿಫೋನ್ ಎಕ್ಸ್‌ಚೇಂಜು ಕೆಟ್ಟಿತು, ಕರೆಂಟು ಹೋಯಿತು, ಮೊಬೈಲ್ ಜಾಲ ಜಾಮ್ ಆಯಿತು ಅನ್ನುವ ದಿನದಲ್ಲಿ ಸೇನೆಯ ಪ್ರಾದೇಶಿಕ ಕಚೇರಿಗಳು ಒಂದನ್ನೊಂದು ತಲುಪುವಂತೆ ನೋಡಿಕೊಳ್ಳುವುದು. ಇಂಥ ದಿನ ಬರುವುದೇ ಇಲ್ಲ ಅಂದುಕೊಳ್ಳಬೇಡಿ. 2005ರ ಜುಲೈ 7ರ ಲಂಡನ್ ಬಾಂಬು ಸ್ಫೋಟದ ದಿನ ಮೊಬೈಲ್ ಜಾಲಗಳು ಕರೆಗಳ ಭಾರಕ್ಕೆ ಕಟ್ಟಿಕೊಂಡವು. ಆಲ್ಡ್‌ಗೇಟ್ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಒಂದು ಕಂಪನಿಯ ಜಾಲವನ್ನು ಪೊಲೀಸರು ಸಾರ್ವಜನಿಕರಿಗೆ ಮುಚ್ಚಿಸಿ, ಮೊದಲೇ ಗುರುತು ಮಾಡಿದ ಫೋನುಗಳಿಗೆ ಮಾತ್ರ ಬಿಟ್ಟರು. ಆ ಗುರುತಿನ ಫೋನು ಕೈಯಲ್ಲಿಲ್ಲದ ಸಿಬ್ಬಂದಿಯೂ ಹೊರಗುಳಿದರು.

ಮೊಬೈಲ್ ಗೋಪುರ, ಎಕ್ಸ್‌ಚೇಂಜು, ಉಪಗ್ರಹ ಯಾವುದನ್ನೂ ನಂಬದೆ ಲಂಡನ್ನಿನಿಂದ 230 ಕಿಲೋಮೀಟರ್ ಆಚೆಯ ಶೆಫೀಲ್ಡಿಗೆ ಮಾತಾಡುವುದು ಹೇಗೆ? ನಿಮ್ಮ ಕೈಯಲ್ಲಿರುವ ಪಿಆರ್‌ಸಿ 320 ಇರುವುದೇ ಇದಕ್ಕೆ. 1970ರ ದಶಕದಲ್ಲಿ ಬಂದ 'ಕ್ಲ್ಯಾನ್ಸ್‌ಮನ್' ಎಂಬ ಸೇನಾ ರೇಡಿಯೊ ಕುಟುಂಬದ ಎಚ್‌ಎಫ್, ಅಂದರೆ ಶಾರ್ಟ್‌ವೇವ್ ಸೆಟ್ಟು ಇದು. 2ರಿಂದ 30 ಮೆಗಾಹರ್ಟ್ಸ್ ವರೆಗೆ ಕೆಲಸ ಮಾಡುತ್ತದೆ, ಪೂರ್ಣ ಶಕ್ತಿಯಲ್ಲಿ 30 ವ್ಯಾಟ್. ಮಂದ ಬೆಳಕಿನ ಬಲ್ಬಿನಷ್ಟು ಶಕ್ತಿ.

ಇಲ್ಲಿ ಹೊಸಬರು ಮಾಡುವ ತಪ್ಪು ಯಾವಾಗಲೂ ಒಂದೇ. ಸೆಟ್ಟಿನ ಮೇಲೆ ಉದ್ದನೆ ಕಡ್ಡಿ ಆಂಟೆನಾ ನೆಟ್ಟಗೆ ನಿಲ್ಲಿಸುತ್ತಾರೆ. ನೆಟ್ಟಗಿನ ಕಡ್ಡಿ ಅಲೆಯನ್ನು ದಿಗಂತದ ಕಡೆಗೆ, ಚಪ್ಪಟೆಯಾಗಿ ಎಸೆಯುತ್ತದೆ. ನೆಲಕ್ಕಂಟಿ ಹೋಗುವ ಅಲೆ ಹಲವಾರು ಕಿಲೋಮೀಟರಿನಲ್ಲಿ ಸಾಯುತ್ತದೆ, ಆಕಾಶಕ್ಕೆ ಹೋದದ್ದು ಅಯಾನುಗೋಲಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಕ್ಕೆ, ಬಡಿದು ದೂರದೇಶದಲ್ಲಿ ಇಳಿಯುತ್ತದೆ. ನಡುವೆ ಏನೂ ಕೇಳಿಸದ ಬರಡು ಪಟ್ಟಿ ಉಳಿಯುತ್ತದೆ. ಶೆಫೀಲ್ಡ್ ಸಿಗದೆ ಸ್ಪೇನ್ ಸಿಗುವುದು ಇದರಿಂದಲೇ. ಪರಿಹಾರ, ಅಲೆಯನ್ನು ನೆತ್ತಿಯ ಮೇಲಕ್ಕೆ ಎಸೆಯುವುದು. ಪೈಪನ್ನು ನೇರ ಮೇಲಕ್ಕೆ ಹಿಡಿದರೆ ನೀರು ಸುತ್ತ ಎಲ್ಲ ಕಡೆ ಬೀಳುವಂತೆ, ಅದು ಮೇಲಿನಿಂದ ಸುತ್ತಲಿನ ನಾನ್ನೂರು ಕಿಲೋಮೀಟರಿನಷ್ಟು ಜಾಗವನ್ನು ಖಾಲಿ ಬಿಡದೆ ನೆನೆಸುತ್ತದೆ. ಗುಡ್ಡ, ಕಟ್ಟಡ ಅಡ್ಡ ಬರುವುದಿಲ್ಲ.

ಅದಕ್ಕೆ ಬೇಕಾದದ್ದು ಅಡ್ಡಲಾಗಿ, ತಗ್ಗಿನಲ್ಲಿ ಕಟ್ಟಿದ ತಂತಿ, ಅಷ್ಟೇ. ಉದ್ದದ ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ. 5.3 ಮೆಗಾಹರ್ಟ್ಸ್‌ಗೆ 27 ಮೀಟರ್, ಅಂದರೆ ನಡುವಿನಿಂದ ಆಚೆಈಚೆ 13.5 ಮೀಟರ್. ನೆಲದಿಂದ 5ರಿಂದ 8 ಮೀಟರ್ ಎತ್ತರ ಸಾಕು. ಇನ್ನೂ ಎತ್ತರಕ್ಕೆ ಕಟ್ಟುವುದು ಒಳ್ಳೆಯದೆಂದು ಕಷ್ಟಪಡುವವರಿದ್ದಾರೆ, ಇಲ್ಲಿ ಅದರಿಂದ ಲಾಭವಿಲ್ಲ. ತಂತಿಗೆ ಸೇನೆಯಲ್ಲಿ ಬಳಸುತ್ತಿದ್ದದ್ದು 'ಡಿ10', ಫೀಲ್ಡ್ ಟೆಲಿಫೋನಿನ ಜೋಡಿ ತಂತಿ. ಅದರ ಎಳೆಗಳಲ್ಲಿ ಕೆಲವು ತಾಮ್ರದ್ದು, ಕೆಲವು ಉಕ್ಕಿನವು. ತಾಮ್ರ ವಿದ್ಯುತ್ತಿಗೆ, ಉಕ್ಕು ಎಳೆತಕ್ಕೆ. ಉಕ್ಕಿರುವುದರಿಂದ ಹೊರಪದರ ಸುಲಿಯುವಾಗ ಎಳೆಗಳು ಬೆರಳಿಗೆ ಸೂಜಿಯಂತೆ ಚುಚ್ಚುತ್ತವೆ. ಪದರ ಸವೆದ ಕಡೆ ಮಳೆಗೆ ತುಕ್ಕು ಹಿಡಿದು ಒಳಗೊಳಗೇ ತುಂಡಾಗುತ್ತವೆ, ಹೊರಗೆ ಕಾಣುವುದಿಲ್ಲ. ಇಡೀ ಉದ್ದವನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿದರೆ ಆ ಜಾಗ ಮೆತ್ತಗೆ ಸಿಗುತ್ತದೆ.

ಆಮೇಲೆ ಗಡಿಯಾರದ ವಿಷಯ. ಹಗಲಲ್ಲಿ ಸೂರ್ಯನ ಬೆಳಕು ಅಯಾನುಗೋಲವನ್ನು ಗಟ್ಟಿಯಾಗಿ ಇಡುತ್ತದೆ, 5ರಿಂದ 7 ಮೆಗಾಹರ್ಟ್ಸ್ ಅಲೆ ನೆತ್ತಿಯಿಂದ ವಾಪಸ್ಸು ಬರುತ್ತದೆ. ರಾತ್ರಿ ಅದು ತೆಳ್ಳಗಾಗಿ ಅದೇ ಅಲೆ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ, ಆಗ 2ರಿಂದ 4 ಮೆಗಾಹರ್ಟ್ಸ್‌ಗೆ ಇಳಿಯಲೇಬೇಕು. ಇಳಿದಾಗ ತಂತಿಯೂ ಉದ್ದವಾಗಬೇಕು, 3 ಮೆಗಾಹರ್ಟ್ಸ್‌ಗೆ ಸುಮಾರು 48 ಮೀಟರ್. ಕತ್ತಲಾದ ಮೇಲೆ ಟಾರ್ಚು ಹಿಡಿದು ತಂತಿ ಬದಲಾಯಿಸುವ ಬದಲು ಹಗಲಲ್ಲೇ ಎರಡೂ ಕಟ್ಟಿಡುವುದು ಅನುಭವಿಗಳ ಕ್ರಮ. 2008-09ರಲ್ಲಿ ಸೂರ್ಯನ ಕಲೆಗಳ ಚಕ್ರ ತೀರಾ ತಳಕ್ಕಿಳಿದಿತ್ತು. ಅಂಥ ಕಾಲದಲ್ಲಿ ಚಳಿಗಾಲದ ರಾತ್ರಿ ಬ್ರಿಟನ್ನಿನ ಮೇಲೆ 3 ಮೆಗಾಹರ್ಟ್ಸ್ ಕೂಡ ನಿಲ್ಲದೆ ಹೋಗುತ್ತದೆ. ಸೆಟ್ಟು ಸರಿ, ತಂತಿ ಸರಿ, ಆಪರೇಟರು ಸರಿ, ಆದರೂ ಮೌನ. ಹಾಗಾದಾಗ ಸೆಟ್ಟನ್ನು ಬಿಚ್ಚಿ ರಿಪೇರಿಗೆ ಕೂರುವವನು ಹೊಸಬ, ಯಾವ ಹೊತ್ತಿಗೆ ಯಾವ ಆವರ್ತನವೆಂಬ ಕೋಷ್ಟಕ ನೋಡಿ ಅದನ್ನು ಇಳಿಸುವವನು ಪಳಗಿದವನು. ವಾರಕ್ಕೊಂದು ಸಂಜೆಯ ಡ್ರಿಲ್ಲಿನಲ್ಲಿ ವರ್ಷಗಟ್ಟಲೆ ಕಲಿಯುತ್ತಿದ್ದದ್ದು ಈ ವ್ಯತ್ಯಾಸವನ್ನೇ.

ಇದರ ಮೇಲೆ ಗುಟ್ಟಿನ ಕೆಲಸ. ಕ್ಲ್ಯಾನ್ಸ್‌ಮನ್ ಸೆಟ್ಟುಗಳ ಮಾತನ್ನು ಯಾರು ಬೇಕಾದರೂ ಕೇಳಬಹುದಿತ್ತು. ಆದ್ದರಿಂದ ಜಾಗ, ಸಮಯ, ಸಂಖ್ಯೆಗಳನ್ನು 'ಬ್ಯಾಟ್ಕೋ' ಎಂಬ ಕಾಗದದ ಸಂಕೇತ ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಬದಲಿಸಿ ಓದಬೇಕಿತ್ತು. ಮಳೆಯಲ್ಲಿ, ಮಂಜುಗಟ್ಟಿದ ಬೆರಳಲ್ಲಿ ಒಂದು ಸಾಲು ತಪ್ಪಿ ನೋಡಿದರೆ ಇಡೀ ಸಂದೇಶ ಅಪಾರ್ಥ.

ಇನ್ನು ಯಾಕೆ ಮುಚ್ಚಿದರು? 2009ರ ಏಪ್ರಿಲ್ ಕೊನೆಯಲ್ಲಿ ರಕ್ಷಣಾ ಮಂತ್ರಿ ಜಾನ್ ಹಟನ್ ಮೀಸಲು ಪಡೆಗಳ ಪರಿಶೀಲನಾ ವರದಿಯನ್ನು ಸಂಸತ್ತಿನ ಮುಂದಿಟ್ಟರು. ಆಗ ಅಫ್ಘಾನಿಸ್ತಾನದ ಯುದ್ಧ ನಡೆಯುತ್ತಿತ್ತು. ಅಲ್ಲಿಗೆ ನೇರ ಉಪಯೋಗಕ್ಕೆ ಬರುವವರಿಗೆ ಹಣ, ತರಬೇತಿ ಕೊಡಬೇಕು, ದೇಶದೊಳಗಿನ ಬದಲಿ ಸಂಪರ್ಕಕ್ಕೆ ಇಷ್ಟು ಜನ ಬೇಡ ಎಂಬುದು ತರ್ಕ. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್‌ಗೆ ಅಷ್ಟರಲ್ಲಿ ಏರ್‌ವೇವ್ ಎಂಬ ಡಿಜಿಟಲ್ ರೇಡಿಯೊ ಜಾಲ ಬಂದಿತ್ತು, ಖಾಸಗಿ ಜಾಲಗಳೂ ಗಟ್ಟಿಯಾಗಿದ್ದವು. ಸೇನೆಯಲ್ಲಿ ಕ್ಲ್ಯಾನ್ಸ್‌ಮನ್ ಜಾಗಕ್ಕೆ ಬೌಮನ್ ಬಂದಿತ್ತು. ಅದು ತಾನೇ ಗುಪ್ತ ಸಂಕೇತ ಮಾಡುವ ಗಣಕ-ರೇಡಿಯೊ, ದುಬಾರಿ, ಕಲಿಯಲೂ ಹೆಚ್ಚು ದಿನ ಬೇಕು. ವರ್ಷಕ್ಕೆ 27 ದಿನ ಬರುವವರಿಗೆ ಅದನ್ನು ಕೊಟ್ಟು ಪಳಗಿಸುವುದು ಲೆಕ್ಕಕ್ಕೆ ಸರಿಹೊಂದುತ್ತಿರಲಿಲ್ಲ. ಪರಿಣಾಮವಾಗಿ ಮೀಸಲು ಸಿಗ್ನಲ್ಸ್‌ಗೆ ದೊಡ್ಡ ಕತ್ತರಿ ಬಿತ್ತು, 31 ಅದರಲ್ಲಿ ಹೋಯಿತು.

ಹಣದ ಲೆಕ್ಕವಾಗಿ ಈ ನಿರ್ಧಾರ ಅರ್ಥವಾಗುವಂಥದ್ದು. ಆದರೆ ಏರ್‌ವೇವ್ ಆಗಲಿ ಮೊಬೈಲಾಗಲಿ ನಿಂತಿರುವುದು ಗೋಪುರದ ಮೇಲೆ, ಗೋಪುರ ನಿಂತಿರುವುದು ಕರೆಂಟಿನ ಮೇಲೆ. ತಂತಿ ಮತ್ತು ಬ್ಯಾಟರಿಯಲ್ಲಿ ನಡೆಯುವ ಎಚ್‌ಎಫ್‌ಗೆ ಆ ಹಂಗಿಲ್ಲ, ಅದಕ್ಕೆ ಬೇಕಾದದ್ದು ಪಳಗಿದ ಮನುಷ್ಯ ಮಾತ್ರ. ಸೆಟ್ಟನ್ನು ಗೋದಾಮಿನಲ್ಲಿ ಇಪ್ಪತ್ತು ವರ್ಷ ಇಡಬಹುದು, ಅದನ್ನು ಬಳಸುವ ಕೈಯನ್ನು ಹಾಗೆ ಇಡಲಾಗುವುದಿಲ್ಲ. ಆ ತೂಕದಲ್ಲಿ ಈ ಕಡಿತ ತಪ್ಪೇ.

ರೆಜಿಮೆಂಟು ಹೋದರೂ ಬಳ್ಳಿ ಪೂರ್ತಿ ಕಡಿಯಲಿಲ್ಲ. 41, 47ರ ಹೆಸರುಗಳನ್ನು ಕೂಡಿಸಿ 71ನೇ ಯೋಮನ್ರಿ ಸಿಗ್ನಲ್ ರೆಜಿಮೆಂಟಿನಲ್ಲಿ ಒಂದು ಸ್ಕ್ವಾಡ್ರನ್ ಮಾಡಿದರು. ಅದಕ್ಕೆ ಕೊಟ್ಟ ಸಂಖ್ಯೆ ಯಾವುದು ಗೊತ್ತೇ? 31. '31 (ಮಿಡ್ಲ್‌ಸೆಕ್ಸ್ ಯೋಮನ್ರಿ ಆ್ಯಂಡ್ ಪ್ರಿನ್ಸೆಸ್ ಲೂಯಿಸ್ ಕೆನ್ಸಿಂಗ್‌ಟನ್) ಸಿಗ್ನಲ್ ಸ್ಕ್ವಾಡ್ರನ್', ನೆಲೆ ಅಕ್ಸ್‌ಬ್ರಿಜ್. 1797ರಲ್ಲಿ ಶುರುವಾದ ಊರಿಗೇ ಬಂದು ನಿಂತಿತು. ಟೆರಿಟೋರಿಯಲ್ ಆರ್ಮಿ ಎಂಬ ಹೆಸರೇ 2014ರಲ್ಲಿ ಆರ್ಮಿ ರಿಸರ್ವ್ ಆಯಿತು. ಹುಡುಕುವಾಗ ಎರಡೂ ಹೆಸರು ಹಾಕಿ.

ದಾಖಲೆ ಹುಡುಕುವ ಕ್ರಮ ಹೀಗೆ. ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್ ನಿಮಗೆ ಹತ್ತಿರವೇ. ಮೊದಲ ಯುದ್ಧದ ದಿನಚರಿಗಳು ಡಬ್ಲ್ಯೂಓ 95 ಎಂಬ ಕಡತ ಶ್ರೇಣಿಯಲ್ಲಿವೆ. ಮಿಡ್ಲ್‌ಸೆಕ್ಸ್ ಯೋಮನ್ರಿ ಎಂದು ಹುಡುಕಿದರೆ ಸಿಗದೆ ಹೋಗಬಹುದು, '1/1ನೇ ಕೌಂಟಿ ಆಫ್ ಲಂಡನ್ ಯೋಮನ್ರಿ' ಎಂದು ಹುಡುಕಿ, ಆಗಿನ ಅಧಿಕೃತ ಹೆಸರು ಅದು. ಎರಡನೇ ಯುದ್ಧದ ಮಧ್ಯಪ್ರಾಚ್ಯ ಡಬ್ಲ್ಯೂಓ 169, ಫ್ಯಾಂಟಮ್‌ನದು ಪ್ರತ್ಯೇಕವಾಗಿ ಡಬ್ಲ್ಯೂಓ 215, ಯುದ್ಧಾನಂತರದ ಘಟಕಗಳ ವರದಿಗಳಿಗೆ ಡಬ್ಲ್ಯೂಓ 305. ಮೂಲ ಕಡತ ನೋಡಲು ರೀಡರ್ಸ್ ಟಿಕೆಟ್ ಬೇಕು, ವಿಳಾಸದ ಪುರಾವೆ ತೆಗೆದುಕೊಂಡು ಹೋಗಿ. 1967ರ ನಂತರದ ದಿನನಿತ್ಯದ ಬದುಕು ಸಿಗುವುದು ಸರ್ಕಾರಿ ಕಡತಕ್ಕಿಂತ ದಳದ ನಿಯತಕಾಲಿಕ 'ದಿ ವೈರ್'ನಲ್ಲಿ: ಯಾವ ಕ್ಯಾಂಪು, ಯಾರಿಗೆ ಬಡ್ತಿ, ಯಾವ ಟ್ರೋಫಿ ಗೆದ್ದರು. ಡಾರ್ಸೆಟ್‌ನ ಬ್ಲ್ಯಾಂಡ್‌ಫರ್ಡ್‌ನಲ್ಲಿರುವ ರಾಯಲ್ ಸಿಗ್ನಲ್ಸ್ ಮ್ಯೂಸಿಯಂನಲ್ಲಿ ವಿಚಾರಿಸಿ. ಅದು ಸೇನಾ ಶಿಬಿರದೊಳಗಿದೆ, ಫೋಟೊ ಇರುವ ಗುರುತಿನ ಚೀಟಿ ಇಲ್ಲದೆ ಗೇಟು ದಾಟಲಾಗುವುದಿಲ್ಲ. ವ್ಯಕ್ತಿಯೊಬ್ಬರ ಹೆಸರು ಬೇಕಾದರೆ ಪದಕ ಹುಡುಕಿ, ಹಲವು ಪದಕಗಳ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ದಳ ಕೆತ್ತಿರುತ್ತಾರೆ. ಮೊದಲ ಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಬಹುಪಾಲು 1940ರ ಬಾಂಬಿನಲ್ಲಿ ಸುಟ್ಟಿವೆ, ಅಲ್ಲಿ ಹೆಸರು ಸಿಗದಿದ್ದರೆ ಆ ವ್ಯಕ್ತಿ ಇರಲೇ ಇಲ್ಲ ಅಂದುಕೊಳ್ಳಬೇಡಿ.

ಕೊನೆಗೆ ನಿಮ್ಮ ರೇಡಿಯೊ. ಅದರ ಜತೆ ಬಂದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಒಳಗೆ 1.2 ವೋಲ್ಟಿನ ಇಪ್ಪತ್ತು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು ಸಾಲಾಗಿವೆ. ವರ್ಷಗಟ್ಟಲೆ ಬಿದ್ದಿದ್ದರೆ ಒಳಗೆ ಹರಳು ಬೆಳೆದು ಕೆಲವು ಶಾರ್ಟ್ ಆಗಿರುತ್ತವೆ, ಉಳಿದವು ಅತಿಯಾಗಿ ಕಾಯುತ್ತವೆ. ಕ್ಯಾಡ್ಮಿಯಂ ವಿಷ, ಬ್ಯಾಟರಿಯನ್ನು ಕೌನ್ಸಿಲಿನ ಮರುಬಳಕೆ ಕೇಂದ್ರಕ್ಕೆ ಕೊಡಿ. ಬದಲಿಗೆ 12 ವೋಲ್ಟಿನ ಎರಡು ಸೀಲ್ಡ್ ಲೆಡ್-ಆ್ಯಸಿಡ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸು ಹಾಕಿ. ಸೆಟ್ಟಿಗೆ ಕೊಡುವ ಮುನ್ನ ಧನ-ಋಣವನ್ನು ಮೀಟರಿನಲ್ಲಿ ಎರಡು ಸಲ ನೋಡಿ. ಇದರಲ್ಲಿ ಸ್ಪೀಕರಿಲ್ಲ, ಏಳು ಪಿನ್ನಿನ ಕ್ಲ್ಯಾನ್ಸ್‌ಮನ್ ಹೆಡ್‌ಸೆಟ್ಟೇ ಬೇಕು. ಮಾಮೂಲಿ ಇಯರ್‌ಫೋನ್ ಹೊಂದುವುದಿಲ್ಲ.

ಕೇಳುವುದಕ್ಕಷ್ಟೇ ಬಳಸಿ. ಹವ್ಯಾಸಿ ರೇಡಿಯೊ ಪರವಾನಗಿ ಇಲ್ಲದೆ ಮಾತಾಡುವ ಗುಂಡಿ ಒತ್ತಿದರೆ ಅಪರಾಧ, ಹಾಗಾಗಿ ಮೈಕಿನ ಗುಂಡಿ ಅಕಸ್ಮಾತ್ ಒತ್ತದಂತೆ ಟೇಪು ಸುತ್ತಿ. ಊರಿಗೆ ತರುವ ಯೋಚನೆಯಿದ್ದರೆ ಬಿಡಿ, ಭಾರತದಲ್ಲಿ ಪರವಾನಗಿ ಇಲ್ಲದೆ ಇಂಥ ಸೆಟ್ಟು ಇಟ್ಟುಕೊಳ್ಳುವುದೂ ತಪ್ಪು. ಇನ್ನೊಂದು ಮಿತಿ: ಸಿಂಗಲ್ ಸೈಡ್‌ಬ್ಯಾಂಡಿನಲ್ಲಿ, ಅಂದರೆ ಅಲೆಯ ಎರಡು ಪಕ್ಕದ ಪಟ್ಟಿಗಳಲ್ಲಿ ಒಂದನ್ನೇ ಕಳಿಸುವ ವಿಧಾನದಲ್ಲಿ, ಇದು ಮೇಲಿನ ಪಟ್ಟಿಯನ್ನು ಮಾತ್ರ ಕೇಳುತ್ತದೆ. ಹವ್ಯಾಸಿಗಳು 3.5 ಮತ್ತು 7 ಮೆಗಾಹರ್ಟ್ಸ್‌ನಲ್ಲಿ ಕೆಳಗಿನ ಪಟ್ಟಿಯಲ್ಲಿ ಮಾತಾಡುವುದರಿಂದ ಅವರ ದನಿ ಬಾತುಕೋಳಿಯ ಹಾಗೆ ಕೇಳುತ್ತದೆ. ಸೆಟ್ಟು ಕೆಟ್ಟಿದೆ ಅಂತ ಬಿಚ್ಚಬೇಡಿ. 5 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬಳಕೆ ಮೇಲಿನದೇ, ಅಲ್ಲಿ ಮಾತು ಸ್ಪಷ್ಟವಾಗಿ ಬರುತ್ತದೆ.

ಹಿತ್ತಲಿನಲ್ಲಿ ಬೇಲಿಯಿಂದ ಮರಕ್ಕೆ 27 ಮೀಟರ್ ತಂತಿ ಕಟ್ಟಿ. ಮಧ್ಯಾಹ್ನ 5.3ರ ಆಸುಪಾಸಿನಲ್ಲಿ ಬ್ರಿಟನ್ನಿನ ಊರೂರಿನ ದನಿಗಳನ್ನು ಗುರುತು ಹಾಕಿಕೊಳ್ಳಿ. ಚಳಿಗಾಲದಲ್ಲಾದರೆ ಸೂರ್ಯ ಮುಳುಗಿದ ಮೇಲೆ ಅಲ್ಲೇ ಕೂತು ಕಿವಿಗೊಡಿ. ಮೊದಲು ಹತ್ತಿರದ ಊರುಗಳು ಒಂದೊಂದಾಗಿ ಕರಗುತ್ತವೆ, ಸ್ಕಾಟ್ಲೆಂಡು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಅದೂ ಹೋಗುತ್ತದೆ.